ಉಣಕಲ್ ಕೆರೆ ದಂಡೆಯ ಬದುಕು: ನೀರಿನ ದಾರಿ ಹಿಡಿದು ಒಂದು ಸುತ್ತು

ಉಣಕಲ್ಲಿನಲ್ಲಿ ಸೈಟು ತೋರಿಸುವ ಏಜೆಂಟರು ಮೊದಲು ತೋರಿಸುವುದು ಸೈಟನ್ನಲ್ಲ, ಕೆರೆಯನ್ನು. 'ಸಂಜಿಮುಂದ ಇಲ್ಲಿ ನಿಂತು ನೋಡ್ರಿ ಸರ್, ಸೂರ್ಯ ಹೆಂಗ ಮುಳಗ್ತಾನ' ಅನ್ನುತ್ತಾರೆ. ಸೂರ್ಯನನ್ನು ತೋರಿಸಿ ಚದರಡಿಗೆ ಇಷ್ಟು ಅಂತ ರೇಟು ಹೇಳುತ್ತಾರೆ. ನಮ್ಮ ಓಣಿಯ ಅಜ್ಜ ಒಬ್ಬರು ಮೊಮ್ಮಗನ ಜೊತೆ ಹೀಗೆ ಸೈಟು ನೋಡಲು ಹೋಗಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. 'ತಮ್ಮಾ, ಮಳಿ ಬಂದಾಗ ಇಲ್ಲಿ ನೀರು ಯಾವ ಕಡಿಂದ ಬಂದು ಯಾವ ಕಡಿ ಹೋಗ್ತೈತಿ?' ಏಜೆಂಟ ಫೋನು ಬಂದವನ ಹಾಗೆ ಆ ಕಡೆ ಸರಿದ.

ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದ್ದು. ಉಣಕಲ್ ಈಗ ಹುಬ್ಬಳ್ಳಿಯ ಒಂದು ಬಡಾವಣೆ. ಒಂದು ಕಾಲಕ್ಕೆ ಅದು ಬೇರೆಯೇ ಊರು. ಇಲ್ಲಿಯ ಇತಿಹಾಸ, ಸೈಟಿನ ರೇಟು, ಗೋಡೆಯ ಬಿರುಕು, ಸೊಳ್ಳೆ ಕಾಟ, ಸಂಜೆಯ ಗಿರ್ಮಿಟ್ಟು, ಯಾವುದನ್ನು ಎಳೆದರೂ ನೀರು ಜೊತೆಗೆ ಬರುತ್ತದೆ.

ಊರು ಹಳೆಯದು, ಕೆರೆ ಅಷ್ಟು ಹಳೆಯದಲ್ಲ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಿಆರ್‌ಟಿಎಸ್‌ನ ಚಿಗರಿ ಬಸ್ಸು ಹತ್ತಿದರೆ ವಿದ್ಯಾನಗರ ದಾಟಿದ ಮೇಲೆ ಉಣಕಲ್ ಬರುತ್ತದೆ. ಕಿಟಕಿ ಪಕ್ಕ ಕೂತವರೆಲ್ಲ ಒಮ್ಮೆ ಕೆರೆ ಕಡೆ ತಿರುಗಿ ನೋಡುತ್ತಾರೆ. ನಡುನೀರಿನ ನಡುಗಡ್ಡೆಯಲ್ಲಿ ವಿವೇಕಾನಂದರ ಮೂರ್ತಿ ನಿಂತಿದೆ. ದಂಡೆಯಲ್ಲಿ ಉದ್ಯಾನ, ಬೋಟು. ಹೊರಗಿನವರಿಗೆ ಉಣಕಲ್ ಅಂದರೆ ಇಷ್ಟೇ.

ಆದರೆ ಹಳೆಯ ಊರು ಇರುವುದು ರಸ್ತೆಯಿಂದ ಒಳಗೆ. ಓಣಿ ಓಣಿ ದಾಟಿ ಹೋದರೆ ಮನೆಗಳ ನಡುವೆ ಥಟ್ಟನೆ ಒಂದು ಕಲ್ಲಿನ ಗುಡಿ ಎದುರಾಗುತ್ತದೆ. ಅದೇ ಚಂದ್ರಮೌಳೇಶ್ವರ ದೇವಸ್ಥಾನ. ಕಲ್ಯಾಣ ಚಾಲುಕ್ಯರ ಕಾಲದ್ದು, ಹೆಚ್ಚು ಕಡಿಮೆ 900 ವರ್ಷ ಹಳೆಯದು. ಸಾಮಾನ್ಯವಾಗಿ ಗುಡಿಗೆ ಒಂದು ಮುಖ, ಒಂದು ಹೆಬ್ಬಾಗಿಲು. ಇದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು. ಕಲ್ಲಿನ ಜಾಲರಿ ಕಿಟಕಿ ಅಂದರೆ ಜಾಲಂಧ್ರದ ಕೆತ್ತನೆ, ಕಂಬಗಳ ನುಣುಪು ನೋಡುತ್ತ ನಿಂತರೆ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯುತ್ತದೆ. ಮನೆಗಳು ಗುಡಿಗೆ ಅಷ್ಟು ಹತ್ತಿರ.

ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. 2010ರ ಕಾಯ್ದೆ ತಿದ್ದುಪಡಿಯ ಮೇಲೆ ಇದು ಬಿಗಿಯಾಯಿತು. ಹಾಗಾಗಿ ಗುಡಿಯ ಸುತ್ತಲಿನವರಿಗೆ ಮನೆ ಮೇಲೆ ಇನ್ನೊಂದು ಅಂತಸ್ತು ಏರಿಸುವುದೂ ಕಷ್ಟ. ಸುತ್ತಲಿನ ಹೊಲಗಳಲ್ಲಿ ಎದ್ದ ಬಡಾವಣೆಗಳಿಗೆ ಆ ಕಟ್ಟು ಇಲ್ಲ. ಒಂದೇ ಹೆಸರಿನ ಊರಿನಲ್ಲಿ ಇತ್ತ ತಗ್ಗು ಮಾಳಿಗೆ ಮನೆ, ಅತ್ತ ಲಿಫ್ಟಿನ ಅಪಾರ್ಟ್‌ಮೆಂಟು ಕಾಣುವುದಕ್ಕೆ ಇದೂ ಒಂದು ಕಾರಣ. ಉಣಕಲ್ಲಿನ ಸಂತ ಸಿದ್ಧಪ್ಪಜ್ಜನ ಮಠಕ್ಕೆ ಮಾತ್ರ ಎರಡೂ ಕಡೆಯವರು ಬರುತ್ತಾರೆ.

ಈಗ ಕೆರೆಯ ವಿಷಯ. ಗುಡಿಗೆ 900 ವರ್ಷವಾದರೆ ಕೆರೆಗೆ ನೂರು ದಾಟಿದೆ, ಅಷ್ಟೇ. ಇಂದು ನಾವು ನೋಡುವ ದೊಡ್ಡ ಕೆರೆ ಬ್ರಿಟಿಷರ ಕಾಲದ್ದು. ಅದನ್ನು ಕಟ್ಟಿದ್ದು ಉಣಕಲ್ಲಿನ ಹೊಲಗಳಿಗಾಗಿ ಅಲ್ಲ, ಹುಬ್ಬಳ್ಳಿಯ ಬಾಯಾರಿಕೆಗೆ. ಹುಬ್ಬಳ್ಳಿ ಹತ್ತಿ ಪೇಟೆಯಾಗಿ ಬೆಳೆದಿತ್ತು. 1880ರ ದಶಕದಲ್ಲಿ ರೈಲು ಬಂತು, ರೈಲ್ವೆ ವರ್ಕ್‌ಶಾಪು ಬಂತು. ಗಿರಣಿಗಳು ಎದ್ದವು. ಕೂಲಿಗೆ ಜನ ಬಂದರು. ಊರ ಬಾವಿಗಳಿಗೆ ಇಷ್ಟು ಕೊಡ ತುಂಬಿಸುವ ತಾಕತ್ತು ಇರಲಿಲ್ಲ. ಶಹರಕ್ಕಿಂತ ಎತ್ತರದಲ್ಲಿ, ಹಳ್ಳ ಹರಿಯುವ ಜಾಗದಲ್ಲಿ ನೀರು ನಿಲ್ಲಿಸಿದರೆ ಅದು ತಾನಾಗಿಯೇ ಕೆಳಗಿಳಿದು ಬರುತ್ತದೆ. ಆ ಲೆಕ್ಕಕ್ಕೆ ಉಣಕಲ್ ಸರಿಹೊಂದಿತು.

ಇಲ್ಲೊಂದು ಮಾತು. ನಮ್ಮ ಕಡೆ 'ಕೆರೆ' ಅಂತ ಯಾರೂ ಅನ್ನುವುದಿಲ್ಲ, 'ಕೆರಿ' ಅನ್ನುತ್ತಾರೆ. ಮನೆ 'ಮನಿ' ಆದಹಾಗೆ. ಊರ ಹೆಸರುಗಳಲ್ಲಿ ಅದು 'ಗೇರಿ', 'ಕೇರಿ' ಆಗುತ್ತದೆ. ಹಿರಿದಾದ ಕೆರೆ ಹೆಗ್ಗೇರಿ. ಹುಬ್ಬಳ್ಳಿಯಲ್ಲೂ ಒಂದು ಹೆಗ್ಗೇರಿ ಇದೆ, ಹಾವೇರಿಯಲ್ಲೂ ಇದೆ. ಧಾರವಾಡದಲ್ಲಿ ಕೆಲಗೇರಿ, ಎಮ್ಮಿಕೇರಿ, ಸಾಧನಕೇರಿ. ಕೇರಿ ಅಂದರೆ ಓಣಿ ಅಂತಲೂ ಅರ್ಥ ಇದೆ. ಹಾಗಾಗಿ ಹೊಸಬರು ಇವನ್ನೆಲ್ಲ ಬರೀ ಓಣಿಯ ಹೆಸರು ಅಂದುಕೊಳ್ಳುತ್ತಾರೆ. ಬೇಂದ್ರೆಯವರು ಇದ್ದ ಮನೆ ಸಾಧನಕೇರಿಯ ಕೆರೆಯ ಎದುರಿಗೇ ಇದೆ. ಅವರು ಕವಿತೆ ಬರೆದು ಕರೆದದ್ದರಿಂದ ಆ ಕೆರೆ ನಾಡಿಗೆಲ್ಲ ಗೊತ್ತು. ಉಣಕಲ್ ಕೆರೆಗೆ ಕವಿ ಸಿಗಲಿಲ್ಲ, ಏಜೆಂಟರು ಸಿಕ್ಕರು.

ಕೆರೆ ಅಂದರೆ ಬರೀ ನೀರಿನ ಗುಂಡಿ ಅಲ್ಲ

ಉತ್ತರ ಕರ್ನಾಟಕದ ಕೆರೆಗಳಲ್ಲಿ ಹೆಚ್ಚಿನವು ನೆಲ ತೋಡಿ ಮಾಡಿದವಲ್ಲ. ಇಳಿಜಾರಿನಲ್ಲಿ ಹಳ್ಳಕ್ಕೆ ಅಡ್ಡ ಒಡ್ಡು ಹಾಕಿದವು. ಒಡ್ಡಿನ ಈಚೆ ನೀರು ನಿಲ್ಲುತ್ತದೆ. ಬೇಕಾದಾಗ ಬಿಡಲು ತೂಬು. ತುಂಬಿ ಜಾಸ್ತಿಯಾದ ನೀರು ಒಡ್ಡನ್ನು ಒಡೆಯದ ಹಾಗೆ ಪಕ್ಕದಿಂದ ಹರಿದು ಹೋಗಲು ಕೋಡಿ. ಕೋಡಿಯಿಂದ ಮುಂದೆ ನಾಲೆ. ಇವಿಷ್ಟು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೇ ದೊಡ್ಡದು. ಕೆರೆಯ ಮೇಲ್ಗಡೆ ಎಲ್ಲೆಲ್ಲಿ ಬಿದ್ದ ಮಳೆ ಹರಿದು ಕೆರೆಗೆ ಬರುತ್ತದೋ ಆ ಅಷ್ಟೂ ನೆಲ ಕೆರೆಯದ್ದೇ. ಅಲ್ಲಿ ಹೊಲವಿದ್ದರೆ ಹೊಲದ ಮಣ್ಣು ಕೆರೆಗೆ ಬರುತ್ತದೆ. ಅಲ್ಲಿ ಮನೆ ಎದ್ದರೆ ಬಚ್ಚಲ ನೀರು ಬರುತ್ತದೆ. ಕೆರೆಗೆ ಬೇಡ ಅನ್ನುವ ಹಕ್ಕಿಲ್ಲ.

ಉಣಕಲ್ ಕೆರೆ ಸುಮಾರು 200 ಎಕರೆ. ಈ ಅಳತೆ ಎಷ್ಟು ದೊಡ್ಡದು ಅಂತ ತಿಳಿಯಲು ಒಂದು ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 4,047 ಚದರ ಮೀಟರ್. 200 ಎಕರೆಯ ಮೇಲೆ ಒಂದು ಸೆಂಟಿಮೀಟರ್ ನೀರು ನಿಂತರೆ ಸುಮಾರು 80 ಲಕ್ಷ ಲೀಟರ್. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಅರ್ಧ ಸೆಂಟಿಮೀಟರ್ ಆವಿಯಾಯಿತು ಅಂತ ಇಟ್ಟುಕೊಳ್ಳಿ, ಒಂದೇ ದಿನಕ್ಕೆ 40 ಲಕ್ಷ ಲೀಟರ್ ಗಾಳಿಗೆ ಹೋಯಿತು. ಶಹರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಸರಕಾರಿ ಲೆಕ್ಕ. ಅಂದರೆ ಸುಮಾರು 30 ಸಾವಿರ ಜನರ ಒಂದು ದಿನದ ನೀರು. ಕೆರೆ ಆಳವಿದ್ದರೆ ಬೇಸಿಗೆ ದಾಟುತ್ತದೆ. ಹೂಳು ತುಂಬಿ ತಾಟಿನ ಹಾಗೆ ಆಗಿಬಿಟ್ಟರೆ ಅಷ್ಟೇ ಅಗಲದ ಕೆರೆ ಮೇ ತಿಂಗಳಿಗೆ ತಳ ತೋರಿಸುತ್ತದೆ.

ಹೂಳು ತೆಗೆಯುವುದು ಈಗ ಟೆಂಡರ್ ಕೆಲಸ. ಮೊದಲು ಅದು ರೈತರ ಕೆಲಸವಾಗಿತ್ತು, ಅದೂ ಅವರ ಸ್ವಂತ ಲಾಭಕ್ಕೆ. ಬೇಸಿಗೆಯಲ್ಲಿ ನೀರು ಇಳಿದಾಗ ಚಕ್ಕಡಿ ಕಟ್ಟಿಕೊಂಡು ಬಂದು ಕೆರೆಯ ಗೋಡು ಮಣ್ಣು ಹೇರಿಕೊಂಡು ಹೋಗಿ ಹೊಲಕ್ಕೆ ಚೆಲ್ಲುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಸುತ್ತಲಿನ ಹೊಲ ಸೈಟಾದ ಮೇಲೆ ಆ ಮಣ್ಣು ಯಾರಿಗೂ ಬೇಡವಾಯಿತು. ಆರ್‌ಸಿಸಿ ಮನೆಯವನು ಗೋಡು ಮಣ್ಣು ತಂದು ಏನು ಮಾಡಬೇಕು?

ಪಡುವಣದ ನೀರು ಕುಡಿದು ಮೂಡಣಕ್ಕೆ ಬಿಡುವ ಊರು

ಉಣಕಲ್ ಕೆರೆಯ ಕತೆ ತಿರುಗಿದ್ದು ನಳದಿಂದ. 1950ರ ದಶಕದಲ್ಲಿ ಕಲಘಟಗಿ ಕಡೆ ಬೇಡ್ತಿ ಹಳ್ಳಕ್ಕೆ ನೀರಸಾಗರ ಜಲಾಶಯ ಕಟ್ಟಿ ಅಲ್ಲಿಂದ ಹುಬ್ಬಳ್ಳಿಗೆ ನೀರು ತಂದರು. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದು ಮಹಾನಗರ ಪಾಲಿಕೆಯಾಯಿತು. ನಡುವಿನ ಊರುಗಳಿಗೆ ಇನ್ನು ಶಹರದಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. 1980ರ ದಶಕದಲ್ಲಿ ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ನೀರೂ ಬಂತು. ನೀರಸಾಗರ ಮಳೆ ಕೈಕೊಟ್ಟ ವರ್ಷ ಬತ್ತಿದ್ದೂ ಉಂಟು. ಹಾಗಾಗಿ ಶಹರ ಮಲಪ್ರಭೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು.

ಉಣಕಲ್ ಕೆರೆಯ ನೀರು ಕುಡಿಯುವ ನೀರಲ್ಲ ಅಂತ ಆದದ್ದು ಹೀಗೆ. ಮೇಲ್ನೋಟಕ್ಕೆ ಇದು ಸಣ್ಣ ಬದಲಾವಣೆ. ನನ್ನ ಕೇಳಿದರೆ ಎಲ್ಲಕ್ಕಿಂತ ದೊಡ್ಡದು ಇದೇ. ಕುಡಿಯುವ ನೀರಿನ ಕೆರೆಗೆ ಸಾವಿರ ಕಾವಲುಗಾರರು. ಎಮ್ಮೆ ಇಳಿಸಿದರೂ ಯಾರೋ ಒಬ್ಬರು ಬೈಯುತ್ತಿದ್ದರು. ನೋಡುವ ನೀರಿನ ಕೆರೆಗೆ ಬರುವವರು ಜಾಸ್ತಿ, ಕಾಯುವವರು ಕಡಿಮೆ.

ಇನ್ನೊಂದು ಸೋಜಿಗ ಇದೆ. ಹುಬ್ಬಳ್ಳಿ–ಧಾರವಾಡ ಇರುವುದು ನೀರು ಇಬ್ಭಾಗವಾಗುವ ಏಣಿನ ಮೇಲೆ. ಧಾರವಾಡದ ಹತ್ತಿರ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ, ನೀರಸಾಗರದ ಬೇಡ್ತಿ, ಇವು ಪಡುವಣಕ್ಕೆ ಹರಿದು ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತವೆ. ಉಣಕಲ್ ಕೆರೆ ಮಾತ್ರ ಮೂಡಣದ್ದು. ಅದರ ಕೋಡಿ ನೀರು ಉಣಕಲ್ ನಾಲೆಯಾಗಿ ಹುಬ್ಬಳ್ಳಿಯ ಹೊಟ್ಟೆಯೊಳಗಿಂದ ಹಾಯ್ದು ಬೆಣ್ಣಿಹಳ್ಳ ಸೇರುತ್ತದೆ. ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಅಂದರೆ ನೀರಸಾಗರದ ನೀರು ಕುಡಿದ ಮನೆ ಅರಬ್ಬಿ ಸಮುದ್ರಕ್ಕೆ ಹೋಗಬೇಕಾದ ನೀರನ್ನು ಬಚ್ಚಲಿನಿಂದ ಬಂಗಾಳ ಕೊಲ್ಲಿಯ ಕಡೆ ಕಳಿಸಿತು. ಮಲಪ್ರಭೆಯ ನೀರು ಕುಡಿಯುವ ಮನೆ ಅದೇ ನೀರನ್ನು ಕೊಳೆ ಮಾಡಿ, ಅಣೆಕಟ್ಟಿನ ಕೆಳಗೆ ಮತ್ತೆ ಮಲಪ್ರಭೆಗೇ ಮುಟ್ಟಿಸುತ್ತದೆ. ಅಲ್ಲಿ ನದಿ ದಂಡೆಯ ಊರವರು ಏನು ಅನ್ನುತ್ತಾರೋ ಕೇಳಲು ನಮಗೆ ಪುರಸೊತ್ತಿಲ್ಲ.

ನಾಲೆಯ ಬಗ್ಗೆ ಹುಬ್ಬಳ್ಳಿಯವರಿಗೆ ನೆನಪಾಗುವುದು ಮಳೆಗಾಲದಲ್ಲಿ. 2019ರ ಆಗಸ್ಟಿನಲ್ಲಿ ಕೆರೆ ಕೋಡಿ ಬಿದ್ದು ನಾಲೆಯ ಪಕ್ಕದ ಮನೆಗಳಿಗೆ ನೀರು ನುಗ್ಗಿತು. ತಪ್ಪು ಕೆರೆಯದ್ದು ಅಂತ ಆಗ ಬಹಳ ಮಂದಿ ಅಂದರು. ಆದರೆ ಕೋಡಿ ಇರುವುದೇ ಹರಿಯಲಿಕ್ಕೆ. ಹರಿಯದೆ ಹೋಗಿದ್ದರೆ ಒಡ್ಡಿಗೆ ಅಪಾಯ. ನೀರು ತನ್ನ ಹಳೆಯ ದಾರಿಯಲ್ಲೇ ಬಂತು, ಆ ದಾರಿಯಲ್ಲಿ ನಾವು ಗೋಡೆ ಕಟ್ಟಿದ್ದೆವು. ಆಮೇಲೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಾಲೆಯ ಗುಂಟ ಸೈಕಲ್ ಹಾದಿ, ಗಿಡಮರ ಅಂತ ಹಸಿರು ಕಾರಿಡಾರಿನ ಕೆಲಸ ನಡೆಯಿತು. ಒಳ್ಳೆಯದೇ. ಆದರೆ ಮೂಗು ಮುಚ್ಚಿಕೊಂಡು ಸೈಕಲ್ ತುಳಿಯುವುದು ಕಷ್ಟ. ಕೊಳೆ ನೀರು ಬೇರೆ ಪೈಪಿನಲ್ಲಿ ಹೋದರೆ ಮಾತ್ರ ಆ ಹಾದಿಗೆ ಜೀವ.

ಹಸಿರು ಚಾದರ

ಉಣಕಲ್ ಕೆರೆಯ ದೊಡ್ಡ ತಲೆನೋವು ಅಂತರಗಂಗೆ. ದೂರದಿಂದ ಹಸಿರು ಹೊಲದ ಹಾಗೆ ಕಾಣುತ್ತದೆ, ತಿಳಿನೇರಳೆ ಹೂ ಬಿಟ್ಟಾಗ ಫೋಟೋಕ್ಕೂ ಚೆಂದ. ದಕ್ಷಿಣ ಅಮೆರಿಕದಿಂದ ಬಂದ ಗಿಡ ಇದು. ಎಲೆಯ ದಂಟಿನಲ್ಲಿ ಗಾಳಿ ತುಂಬಿದ ಬುಡ್ಡೆ ಇರುತ್ತದೆ, ಹಾಗಾಗಿ ತೇಲುತ್ತದೆ. ಪಕ್ಕಕ್ಕೆ ಬಳ್ಳಿ ಚಾಚಿ ಮರಿ ಹಾಕುತ್ತದೆ.

ಬೆಚ್ಚನೆಯ, ಕೊಳೆ ಸೇರಿದ ನೀರಿನಲ್ಲಿ ಇದು ಎರಡು ವಾರಕ್ಕೆ ಇಮ್ಮಡಿಯಾಗಬಲ್ಲದು. ಇದರ ಮೋಸ ಇಲ್ಲೇ ಇದೆ. ಇವತ್ತು ಕೆರೆಯ ಕಾಲು ಭಾಗ ಮುಚ್ಚಿದೆ ಅನ್ನಿ. 'ಇನ್ನೂ ಮುಕ್ಕಾಲು ಖಾಲಿ ಐತಲ್ಲ' ಅಂತ ಸುಮ್ನೆ ಕೂತರೆ ಎರಡು ವಾರಕ್ಕೆ ಅರ್ಧ, ತಿಂಗಳೊಪ್ಪತ್ತಿನಲ್ಲಿ ಪೂರ್ತಿ. ಫೈಲು ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುವಷ್ಟರಲ್ಲಿ ಕೆರೆ ಮುಚ್ಚಿರುತ್ತದೆ.

ಮುಚ್ಚಿದ ಮೇಲೆ ಆಗುವುದೇನು? ನೀರಿಗೆ ಬಿಸಿಲು ಬೀಳುವುದಿಲ್ಲ. ಗಾಳಿ ತಾಗುವುದಿಲ್ಲ. ನೀರೊಳಗಿನ ಆಮ್ಲಜನಕ ಇಳಿಯುತ್ತದೆ, ಮೀನು ಸಾಯುತ್ತದೆ. ಸತ್ತ ಎಲೆ ತಳಕ್ಕೆ ಹೋಗಿ ಕೊಳೆತು ಉಳಿದ ಆಮ್ಲಜನಕವನ್ನೂ ತಿಂದು ಹೂಳಾಗುತ್ತದೆ. ಯಂತ್ರ ತಂದು ಎತ್ತಿಸುತ್ತಾರೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಹಾಜರು. ಗಿಡ ಹೋದರೂ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದಕ್ಕಿಂತ ಮುಖ್ಯ, ಅದರ ಊಟ ನಿಂತಿರುವುದಿಲ್ಲ. ಶೌಚದ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಇರುತ್ತವೆ. ಬಟ್ಟೆ ತೊಳೆಯುವ ಕೆಲವು ಪುಡಿಗಳಲ್ಲೂ ರಂಜಕ ಇರುತ್ತದೆ. ರೈತ ದುಡ್ಡು ಕೊಟ್ಟು ಡಿಎಪಿ ಚೀಲ ತಂದು ಹೊಲಕ್ಕೆ ಹಾಕುವುದೂ ಈ ಎರಡಕ್ಕಾಗಿಯೇ. ಕೆರೆಗೆ ನಾವು ಅದನ್ನು ದಿನಾ ಪುಕ್ಕಟೆ ಹಾಕುತ್ತೇವೆ. ಬೆಳೆ ಬರದೆ ಇರುತ್ತದಾ?

ಇದರ ಮೇಲೂ ಬದುಕುವವರು ಇದ್ದಾರೆ. ಬೆಳಿಗ್ಗೆ ಎಲೆಗಳ ಮೇಲೆ ಉದ್ದ ಬೆರಳಿನ ಹಕ್ಕಿಗಳು ರಸ್ತೆ ದಾಟಿದ ಹಾಗೆ ನಡೆದು ಹೋಗುತ್ತವೆ. ಬೆಳ್ಳಕ್ಕಿ, ನೀರುಕಾಗೆ ತೆರೆದ ನೀರಿರುವ ಕಡೆ ಕಾಯುತ್ತವೆ.

ದಂಡೆಯ ದಿನಚರಿ

ನಸುಕಿನಲ್ಲಿ ಕೆರೆ ದಂಡೆ ವಾಕಿಂಗಿನವರದ್ದು. ಬಿಪಿ, ಶುಗರ್, ಮಗಳ ಮದುವೆ, ರಿಟೈರ್‌ಮೆಂಟಿನ ದುಡ್ಡು, ಇಷ್ಟೂ ಎರಡು ಸುತ್ತಿನಲ್ಲಿ ಮುಗಿಯುತ್ತದೆ. ಸಂಜೆ ವಿದ್ಯಾನಗರದ ಹಾಸ್ಟೆಲ್ ಹುಡುಗರು, ಮಕ್ಕಳ ಕೈ ಹಿಡಿದ ಅಪ್ಪ ಅವ್ವಂದಿರು. ಗಿರ್ಮಿಟ್ಟಿನವನು ಚುರುಮುರಿಗೆ ಮಸಾಲೆ ಹಾಕಿ ಕಲಸುವಾಗ ಪಾತೇಲಿಗೆ ಚಮಚ ಬಡಿಯುವ ಸಪ್ಪಳ ಕೇಳಿದರೆ ಹಸಿವಿಲ್ಲದವರಿಗೂ ಹಸಿವಾಗುತ್ತದೆ. ಮೇಲೆ ಉಳ್ಳಾಗಡ್ಡಿ, ಸೇವು, ಪಕ್ಕಕ್ಕೆ ಒಂದು ಮಿರ್ಚಿ. ಬಿಸಿ ಮಿರ್ಚಿ ಬಾಯಲ್ಲಿಟ್ಟುಕೊಂಡು ಮಾತಾಡಲು ಆಗುವುದಿಲ್ಲ, ಆ ಹೊತ್ತಿಗಷ್ಟೇ ಎಲ್ಲರೂ ಸೂರ್ಯನ ಕಡೆ ನೋಡುತ್ತಾರೆ.

ಮನೆಯೊಳಗೆ ದಿನಚರಿ ನಡೆಯುವುದು ಬೇರೆ ಪಂಚಾಂಗದ ಮೇಲೆ. ಸೋಮವಾರ, ಮಂಗಳವಾರ ಅಲ್ಲ, 'ನೀರು ಬರೋ ದಿನ'. 2008ರ ಸುಮಾರಿಗೆ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 24 ತಾಸು ನೀರು ಬರುವ ಯೋಜನೆ ಶುರುವಾಯಿತು. ಉಳಿದ ಬಹಳ ಕಡೆ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡ. ಹಾಗಾಗಿ ಮನೆಗೊಂದು ಸಂಪು, ಮೇಲೊಂದು ಟಾಕಿ, ಬಚ್ಚಲಲ್ಲಿ ಹಂಡೆ, ಹಿತ್ತಲಲ್ಲಿ ಡ್ರಮ್ಮು. ಕಿಟಕಿ ತೆರೆದರೆ 200 ಎಕರೆ ನೀರು, ನಳ ತಿರುವಿದರೆ ಗಾಳಿ.

ಸೊಳ್ಳೆಯ ಗುಟ್ಟೂ ಇಲ್ಲೇ ಇದೆ. ಜ್ವರ ಬಂದರೆ ಎಲ್ಲರೂ ಕೆರೆಯನ್ನು ಬೈಯುತ್ತಾರೆ. ಗಟಾರ, ಕೊಳೆ ನೀರು, ಅಂತರಗಂಗೆಯ ನೆರಳಲ್ಲಿ ಬೆಳೆಯುವುದು ರಾತ್ರಿ ಕಿವಿಯಲ್ಲಿ ಹಾಡುವ ಕ್ಯೂಲೆಕ್ಸ್. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಕೆರೆ ಬೇಡ. ಅದು ಕಚ್ಚುವುದು ಹಗಲು. ಮೊಟ್ಟೆ ಇಡುವುದು ಮನೆಯ ಡ್ರಮ್ಮಿನ ತಿಳಿನೀರಿನಲ್ಲಿ. ಮೊಟ್ಟೆಯಿಂದ ರೆಕ್ಕೆ ಬರಲು ಅದಕ್ಕೆ ಎಂಟು ಹತ್ತು ದಿನ ಸಾಕು. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಡ್ರಮ್ಮನ್ನು ಯಾರು ಬರಿದು ಮಾಡುತ್ತಾರೆ? ಮುಚ್ಚಳ ಗಟ್ಟಿ ಹಾಕುವುದು, ಇಲ್ಲವೇ ಬಟ್ಟೆ ಕಟ್ಟುವುದು, ಅಷ್ಟು ಮಾಡಿದರೂ ಬಹಳ ಆಯಿತು.

ಹಬ್ಬದಲ್ಲೂ ಕೆರೆ ಸ್ವಲ್ಪ ಉಳಿದಿದೆ. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದಲ್ಲ, ಆಗ ಜಗಲಿಯ ಮೇಲೆ ಮಣ್ಣಿನ ಜೋಡೆತ್ತು ಬೇಕು. ಕೆರೆಯ ಜಿಗುಟು ಮಣ್ಣು ತಂದು, ಹರಳು ಆರಿಸಿ, ನಾದಿ, ಕೋಡು ಎಳೆದು, ಗುಲಗಂಜಿಯ ಕಣ್ಣಿಡುವುದು ಮನೆಯ ಹಿರಿಯರ ಕೆಲಸ. ಈಗ ಹೆಚ್ಚಿನವರು ಪೇಟೆಯಿಂದ ತರುತ್ತಾರೆ. ಬಣ್ಣ ಬಳಿದ ಎತ್ತು ಥಳಥಳ ಹೊಳೆಯುತ್ತದೆ, ನೀರಿಗೆ ಬಿಟ್ಟರೆ ಕರಗುವುದಿಲ್ಲ.

ಇನ್ನು ಸೈಟಿನ ಮಾತು. ಕೆರೆ ಹತ್ತಿರ ಮನೆ ಕಟ್ಟುವವರು ನೋಟಕ್ಕಿಂತ ಮೊದಲು ಮಣ್ಣು ನೋಡಬೇಕು. ಮಸಾರಿ ಅಂದರೆ ಕೆಂಪು ಮಣ್ಣಾದರೆ ಚಿಂತೆ ಕಡಿಮೆ. ಎರಿ ಅಂದರೆ ಕಪ್ಪು ಮಣ್ಣಾದರೆ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ವರ್ಷಕ್ಕೊಮ್ಮೆ ಹೀಗೆ ಏರಿಳಿದರೆ ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಓರೆ ಬಿರುಕು ಬರುತ್ತದೆ. ಪಾಯ ಎರಿಯ ಪದರ ದಾಟಿ ಗಟ್ಟಿ ಮೊರಂ ಮುಟ್ಟಬೇಕು, ಖರ್ಚು ಜಾಸ್ತಿಯಾಗುತ್ತದೆ. ಕೆರೆ ತುಂಬಿದಾಗ ಸುತ್ತಲಿನ ಬಾವಿ, ಬೋರುಗಳಲ್ಲಿ ನೀರು ಏರುವುದು ಲಾಭ. ಆದರೆ ಕೆರೆಯಲ್ಲಿ ಏನಿದೆಯೋ ಅದೇ ನೆಲದೊಳಗೂ ಇಳಿಯುತ್ತದೆ, ಹಾಗಾಗಿ ಬೋರಿನ ನೀರು ಪರೀಕ್ಷೆ ಮಾಡಿಸದೆ ಕುಡಿಯಬಾರದು. ಸೈಟಿನ ಮೇಲ್ಗಡೆ ಹಳ್ಳದ ಗುರುತು ಇದೆಯಾ, ಒಳಚರಂಡಿ ಪೈಪು ಮನೆ ಮುಂದೆ ಬಂದಿದೆಯಾ ಇಲ್ಲವೇ ಗಟಾರಕ್ಕೆ ಬಿಟ್ಟಿದ್ದಾರಾ, ಇದನ್ನು ಮಳೆಗಾಲದಲ್ಲಿ ಹೋಗಿ ಕಣ್ಣಾರೆ ನೋಡಬೇಕು. ಮಾರ್ಚಿನಲ್ಲಿ ನೋಡಿದರೆ ಎಲ್ಲ ಸೈಟೂ ಚೆಂದವೇ.

ಅಜ್ಜ ಮಾಡಿದ್ದು ಅದನ್ನೇ. ಜುಲೈನಲ್ಲಿ ಒಂದು ದಿನ ಜೋರು ಮಳೆ ನಿಂತ ಕೂಡಲೇ ಮೊಮ್ಮಗನ ಬೈಕು ಹತ್ತಿ ಅದೇ ಸೈಟಿಗೆ ಹೋದರು. ಚಪ್ಪಲಿ ಕೈಯಲ್ಲಿ ಹಿಡಿದು ಸೈಟಿನ ಮೂಲೆಯಲ್ಲಿ ನಿಂತರು. ನೀರು ಮೊಣಕಾಲಿನ ಕೆಳಗೆ ಸರಸರ ಹರಿದು ಕೆರೆ ಕಡೆ ಹೋಗುತ್ತಿತ್ತು. 'ಇದು ಸೈಟ ಅಲ್ಲೋ ತಮ್ಮಾ, ಹಾದಿ' ಅಂದರು. ಬರುವಾಗ ದಂಡೆಯಲ್ಲಿ ಬೈಕು ನಿಲ್ಲಿಸಿ ಎರಡು ಪ್ಲೇಟ್ ಗಿರ್ಮಿಟ್ ತಿಂದು ಬಂದರು.